ಇಮಾಮನಿಗೊಂದು ಹೊಸ ಅಂಗಿ

ರಮಝಾನ್ ತಿಂಗಳಲ್ಲಿ ನಮ್ಮ ಮಸೀದಿಗಳಲ್ಲಿ ಒಂದು ಚೆಂದದ ಸಂಗತಿ ನಡೆಯುತ್ತದೆ. ವರ್ಷವಿಡೀ ಹುಡುಗರನ್ನು "ಹಿಂದಿನ ಸಾಲಿಗೆ ಹೋಗ್ರೋ" ಎಂದು ಗದರುವ ಹಿರಿಯರೇ, ಮೀಸೆ ಈಗಷ್ಟೇ ಮೂಡುತ್ತಿರುವ ಹಾಫಿಝ್ ಹುಡುಗನ ಹಿಂದೆ ರಮಝಾನ್ ರಾತ್ರಿಯ ವಿಶೇಷ ನಮಾಝ್ ತರಾವೀಹ್‌ಗೆ ಕೈಕಟ್ಟಿ ನಿಲ್ಲುತ್ತಾರೆ. ಅವನಿಗೆ ಇಡೀ ಕುರ್‌ಆನ್ ಬಾಯಿಪಾಠ, ಇವರಿಗಿಲ್ಲ. ವಯಸ್ಸಿನ ಮಾತೇ ಬರುವುದಿಲ್ಲ.

ಆಗ ನನಗೆ ಪ್ರವಾದಿಯವರ (ಸ) ಕಾಲದ ಅಮ್ರ್ ಬಿನ್ ಸಲಮಾ (ರ) ನೆನಪಾಗುತ್ತಾರೆ. ಅವರ ಜನ ಇದ್ದದ್ದು ದಾರಿಹೋಕರು ನೀರಿಗೆಂದು ನಿಲ್ಲುವ ಜಾಗದಲ್ಲಿ. ಮದೀನಾ ಕಡೆಯಿಂದ ಬಂದವರ ಬಾಯಲ್ಲಿ ಕುರ್‌ಆನ್ ಕೇಳಿ ಕೇಳಿ ಈ ಪುಟ್ಟ ಹುಡುಗ ಕಲಿತುಬಿಟ್ಟಿದ್ದ. ಮಕ್ಕಾ ವಿಜಯದ ನಂತರ ಅವನ ತಂದೆ ಪ್ರವಾದಿಯವರನ್ನು (ಸ) ಕಂಡು ಬಂದರು. ಕುರ್‌ಆನ್ ಹೆಚ್ಚು ಬಲ್ಲವರೇ ಇಮಾಮತ್ (ನಮಾಝ್‌ನ ನೇತೃತ್ವ) ಮಾಡಲಿ ಎಂಬ ಮಾತು ತಂದರು. ಹುಡುಕಿದರೆ ಇವನಿಗಿಂತ ಹೆಚ್ಚು ಬಲ್ಲವರು ಯಾರೂ ಇಲ್ಲ! ಆರೋ ಏಳೋ ವರ್ಷದವನನ್ನೇ ಮುಂದೆ ನಿಲ್ಲಿಸಿದರು. ಹೊದ್ದ ಬಟ್ಟೆ ಗಿಡ್ಡ. ಸಜ್ದಾಕ್ಕೆ (ಹಣೆ ನೆಲಕ್ಕೂರಲು) ಹೋದರೆ ಮೇಲೆ ಸರಿಯುತ್ತಿತ್ತು. "ನಿಮ್ಮ ಇಮಾಮನ ಹಿಂಭಾಗ ಮುಚ್ಚಬಾರದೇ?" ಎಂದು ಒಬ್ಬ ಹೆಂಗಸು ಕೇಳಿಯೇಬಿಟ್ಟಳು. ಜನ ಬಟ್ಟೆ ಕೊಂಡು ಅಂಗಿ ಹೊಲಿಸಿದರು. ಆ ಅಂಗಿಯಷ್ಟು ಖುಷಿ ತನಗೆ ಬೇರೆ ಯಾವುದರಿಂದಲೂ ಆಗಿರಲಿಲ್ಲ ಎಂದು ಅವರು ದೊಡ್ಡವರಾದ ಮೇಲೆ ಹೇಳಿದ್ದು ಹದೀಸ್ (ಪ್ರವಾದಿಯವರ ಮಾತು-ನಡೆಗಳ ವರದಿ) ಸಂಗ್ರಹವಾದ ಬುಖಾರಿಯಲ್ಲಿದೆ.

ಇಷ್ಟು ಎಳೆಯ ಮಗು ಫರ್ಝ್ (ಕಡ್ಡಾಯ) ನಮಾಝ್‌ಗೆ ಇಮಾಮ್ ಆಗಬಹುದೇ? ಕರಾವಳಿಯ ಶಾಫಿಈ ಪಂಥದವರು ಆಗಬಹುದು ಅನ್ನುತ್ತಾರೆ, ಹನಫಿ ಪಂಥದವರು ಒಪ್ಪುವುದಿಲ್ಲ. ಆ ಚರ್ಚೆ ಉಲಮಾಗಳಿಗೇ (ಧರ್ಮ ವಿದ್ವಾಂಸರಿಗೇ) ಇರಲಿ. ನನ್ನ ಮನಸ್ಸು ನಿಲ್ಲುವುದು ಆ ಅಂಗಿಯಲ್ಲಿ. ಬಟ್ಟೆ ಸರಿಯಿಲ್ಲ ಎಂದು ಹುಡುಗನನ್ನು ಇಳಿಸಲಿಲ್ಲ. ಬಟ್ಟೆ ತಂದುಕೊಟ್ಟರು.

ನಾವೇನು ಮಾಡುತ್ತೇವೆ? ಇಫ್ತಾರ್‌ಗೆ ಕಲ್ಲಂಗಡಿ ಹೆಚ್ಚಲು, ಚಾಪೆ ಹಾಸಲು, ಈದ್ ದಿನ ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳಲು ಹುಡುಗರು ಬೇಕು. ಮಸೀದಿ ಕಮಿಟಿಯ ಸಭೆಗೆ ಮಾತ್ರ ಬೇಡ. ಹುಡುಗಿಯರ ಸುದ್ದಿಯಂತೂ ಕೇಳಲೇಬೇಡಿ. ಪ್ರವಾದಿಯವರು (ಸ) ತೀರಿಕೊಂಡಾಗ ಅವರ ಪತ್ನಿ ಆಯಿಶಾ (ರ) ಇನ್ನೂ ಎಳೆಯ ವಯಸ್ಸಿನವರು. ಆದರೂ ಹದೀಸ್‌ನಲ್ಲಿ ಗೊಂದಲವಾದರೆ ದೊಡ್ಡ ದೊಡ್ಡ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಅವರನ್ನೇ ಕೇಳುತ್ತಿದ್ದರು.

ಝೈದ್ ಬಿನ್ ಸಾಬಿತ್ (ರ) ಅವರದೂ ಹೀಗೇ. 622ರಲ್ಲಿ ಪ್ರವಾದಿ (ಸ) ಮದೀನಾಕ್ಕೆ ಬಂದಾಗ ಅವರಿಗೆ ಸುಮಾರು 11 ವರ್ಷ. ಯಹೂದಿಗಳ ಬರಹ ಕಲಿತುಕೋ ಎಂದರು ಪ್ರವಾದಿ. ಅರ್ಧ ತಿಂಗಳಲ್ಲಿ ಕಲಿತರು. ಆಮೇಲೆ ಪತ್ರಗಳನ್ನು ಓದುವುದು, ಬರೆಯುವುದು ಅವರದೇ ಕೆಲಸವಾಯಿತು. ಮುಂದೆ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಬಾಯಿಪಾಠ ಬಲ್ಲ ಅನೇಕರು ಮಡಿದರು. ಎಲ್ಲವನ್ನೂ ಒಂದೆಡೆ ಬರೆದಿಡಬೇಕಾಯಿತು. ಆಗ ಖಲೀಫ ಅಬೂಬಕರ್ (ರ) ಕರೆದದ್ದು ಇಪ್ಪತ್ತು ದಾಟಿದ್ದ ಇದೇ ಝೈದ್‌ರನ್ನು. "ನೀನು ಯುವಕ, ಬುದ್ಧಿವಂತ, ನಿನ್ನ ಮೇಲೆ ನಮಗೆ ಯಾವ ಸಂಶಯವೂ ಇಲ್ಲ" ಎಂದರು. ಬೆಟ್ಟ ಸರಿಸು ಎಂದಿದ್ದರೂ ಇಷ್ಟು ಭಾರ ಅನಿಸುತ್ತಿರಲಿಲ್ಲ ಎಂದರು ಝೈದ್. ಖರ್ಜೂರದ ಗರಿದಂಟುಗಳಿಂದ, ಚಪ್ಪಟೆ ಕಲ್ಲುಗಳಿಂದ, ಜನರ ನೆನಪಿನಿಂದ ಆಯತ್‌ಗಳನ್ನು ಹುಡುಕಿ ಒಟ್ಟು ಮಾಡಿದರು. ಈ ರಾತ್ರಿಗಳಲ್ಲಿ ಮುಸ್‌ಹಫ್ (ಕುರ್‌ಆನ್ ಗ್ರಂಥ) ತೆರೆದಾಗ ಆ ಯುವಕನಿಗೂ ಒಂದು ದುಆ ಸಲ್ಲಬೇಕು, ಅಲ್ವಾ?

"ಹುಡುಗರು ತಪ್ಪು ಮಾಡಿದರೆ?" ಎಂದು ಹಿರಿಯರು ಕೇಳುತ್ತಾರೆ. ಮಾಡುತ್ತಾರೆ. ಉಸಾಮಾ ಬಿನ್ ಝೈದ್ (ರ) (ಇವರ ತಂದೆ ಬೇರೆ ಝೈದ್) ಮಾಡಿದ್ದು ಸಣ್ಣ ತಪ್ಪಲ್ಲ. ಕಾಳಗದಲ್ಲಿ ಒಬ್ಬ ಶತ್ರು ಕಲಿಮಾ (ಇಸ್ಲಾಮ್ ಒಪ್ಪುವ ಮಾತು) ಹೇಳಿದರೂ, ಜೀವಭಯಕ್ಕೆ ಹೇಳಿದ ಎಂದುಕೊಂಡು ಕೊಂದುಬಿಟ್ಟರು. "ಅವನ ಎದೆ ಸೀಳಿ ನೋಡಿದೆಯಾ?" ಎಂದು ಪ್ರವಾದಿ (ಸ) ಕೇಳಿದರು. ಮತ್ತೆ ಮತ್ತೆ ಅದನ್ನೇ ಹೇಳಿದರು. ತಾನು ಇವತ್ತಷ್ಟೇ ಮುಸ್ಲಿಮ್ ಆಗಿದ್ದರೆ ಚೆನ್ನಾಗಿತ್ತು ಅನಿಸುವಷ್ಟು ಉಸಾಮಾ ಕುಗ್ಗಿಹೋದರು.

ಅದೇ ಉಸಾಮಾರನ್ನು 632ರಲ್ಲಿ, ಹೆಚ್ಚೆಂದರೆ ಇಪ್ಪತ್ತರ ವಯಸ್ಸಿನಲ್ಲಿ, ಸಿರಿಯಾ ಗಡಿಗೆ ಹೊರಟ ಸೇನೆಗೆ ಪ್ರವಾದಿಯೇ (ಸ) ನಾಯಕನನ್ನಾಗಿ ಮಾಡಿದರು. ಜನ ಗೊಣಗಿದರು. ಇವನ ತಂದೆಯ ನಾಯಕತ್ವಕ್ಕೂ ನೀವು ಹೀಗೇ ತಕರಾರು ಮಾಡಿದ್ದಿರಿ, ಅವನೂ ಯೋಗ್ಯನಿದ್ದ, ಇವನೂ ಯೋಗ್ಯ ಎಂದರು ಪ್ರವಾದಿ. ಸೇನೆ ಹೊರಡುವ ಮೊದಲೇ ಅವರು ತೀರಿಕೊಂಡರು. ಅಬೂಬಕರ್ (ರ) ನಾಯಕನನ್ನು ಬದಲಿಸಲಿಲ್ಲ. ಕುದುರೆಯ ಮೇಲಿದ್ದ ಉಸಾಮಾ ಜೊತೆ ನಡೆದುಕೊಂಡೇ ಹೋಗಿ ಬೀಳ್ಕೊಟ್ಟರು. ಹುಡುಗನಿಗೆ ಮುಜುಗರ. ನೀವು ಹತ್ತಿ, ಇಲ್ಲವೇ ನಾನು ಇಳಿಯುತ್ತೇನೆ ಎಂದ. ನೀನು ಇಳಿಯಬೇಡ, ನಾನು ಹತ್ತುವುದಿಲ್ಲ ಎಂದರು ಖಲೀಫರು. ಸೇನೆಯಲ್ಲಿದ್ದ ಹಿರಿಯ ಸಹಾಬಿ ಉಮರ್ (ರ) ಮದೀನಾದಲ್ಲಿ ಖಲೀಫರಿಗೆ ಬೇಕಾಗಿದ್ದರು. ಅವರನ್ನು ಬಿಟ್ಟುಹೋಗಲು ಆಗುತ್ತದೆಯೇ ಎಂದು ಉಸಾಮಾರ ಅನುಮತಿ ಕೇಳಿದರು. ಉಸಾಮಾ ಒಪ್ಪಿದರು.