ನೋವು ಹೇಳದ ಯಕೃತ್ತು
ಗಂಗಾವತಿಯಲ್ಲಿ ಭತ್ತದ ಕಟಾವು ನಡೆದಿದೆ. ಎಲ್ಲರ ಮಾತೂ ದರದ ಸುತ್ತ. ನನ್ನ ತಲೆಯಲ್ಲಿ ಮಾತ್ರ, ಉಂಡ ಅನ್ನ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ.

ಅನ್ನ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ಕರುಳು ಹೀರಿದ ಈ ಗ್ಲೂಕೋಸ್ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ರಕ್ತನಾಳ ಅದನ್ನು ಮೊದಲು ಯಕೃತ್ತಿಗೆ ಒಯ್ಯುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯದೇ, ಉಳಿದದ್ದು ಅಪಧಮನಿಯದು. ಒಳಗೆ ಆರು ಮೂಲೆಯ ಪುಟ್ಟ ಲೋಬ್ಯೂಲ್‌ಗಳು, ಅಂದರೆ ಜೀವಕೋಶಗಳ ಚಿಕ್ಕ ಘಟಕಗಳು. ಅಲ್ಲಿ ರಕ್ತ ಅಂಚಿನಿಂದ ನಡುವಿನ ಸಿರೆಯತ್ತ ಹರಿದರೆ, ಪಿತ್ತರಸ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಒಂದೇ ಜೀವಕೋಶಗಳ ಸಾಲಿನ ಪಕ್ಕದಲ್ಲಿ ಎರಡು ಎದುರು ಪ್ರವಾಹಗಳು! ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೋಡುತ್ತ ಬೆಳೆದ ನನಗೆ ಇದು ನಿಜವಾದ ಬೆರಗು.

ಹೆಚ್ಚಾದ ಗ್ಲೂಕೋಸ್ ಗ್ಲೈಕೋಜನ್ ಎಂಬ ದಾಸ್ತಾನಾಗಿ ಅಲ್ಲೇ ಉಳಿಯುತ್ತದೆ, ಉಪವಾಸದ ಹೊತ್ತಿಗೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ವಿಷಕಾರಿ ಅಮೋನಿಯಾ ಯೂರಿಯಾ ಆಗುವುದೂ, ರಕ್ತ ಹೆಪ್ಪುಗಟ್ಟಿಸುವ ಬಹುತೇಕ ಪ್ರೋಟೀನ್‌ಗಳು ಹುಟ್ಟುವುದೂ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದಲ್ಲಿಯೇ.

ಆದರೆ ನನ್ನನ್ನು ಕಾಡುವುದು ಅದರ ಮೌನ. ಯಕೃತ್ತಿನ ಒಳಭಾಗ ನೋವನ್ನು ಅರಿಯುವುದಿಲ್ಲ. ಹೊರಗಿನ ಪೊರೆ ಹಿಗ್ಗಿದಾಗಲೇ ನೋವು. ಹಾಗಾಗಿ ಕೊಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ತುಂಬಿಕೊಳ್ಳಬಹುದು. ಕುಡಿಯದವರಿಗೆ ಯಕೃತ್ತಿನ ಕಾಯಿಲೆ ಬರುವುದಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಬೊಜ್ಜು, ಮಧುಮೇಹ ಇರುವವರಿಗೂ ಬರುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಮುಂದಿನ ಸಲ ವೈದ್ಯರನ್ನು ಕಂಡಾಗ ಯಕೃತ್ತಿನ ಬಗ್ಗೆಯೂ ಕೇಳಿ.