ಕೋಡಿ ಬೆಂಗ್ರೆಯಲ್ಲಿ ನೀರು ಏರುವ ಹೊತ್ತು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಉಡುಪಿಯಿಂದ ಬೈಕಿನಲ್ಲಿ ಹೊರಟೆವು, ನಾನು ಮತ್ತು ಭಾವ. ಹೂಡೆ ದಾಟಿದ ಮೇಲೆ ರಸ್ತೆಯ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ನಮ್ಮ ಕರಾವಳಿಯ ಚಳಿ ಅಂದ್ರೆ ಬೈಕಿನಲ್ಲಿ ಕಿವಿ ತಣ್ಣಗಾಗುವಷ್ಟು, ಅಷ್ಟೇ. ರಸ್ತೆ ಮುಗಿಯುವಲ್ಲಿ ಕೋಡಿ ಬೆಂಗ್ರೆ. ಸೀತಾ, ಸುವರ್ಣಾ ಹೊಳೆಗಳು ಕಡಲು ಸೇರುವ ಅಳಿವೆ ಅಲ್ಲೇ.

ಹಿಂದಿನ ಸಲ ಹಕ್ಕಿ ಕಂಡ ಕೂಡಲೇ ಕ್ಯಾಮೆರಾ ಹಿಡಿದು ಹತ್ತಿರ ಹೋಗಿದ್ದೆ. ಇಡೀ ಹಿಂಡು ಎದ್ದು ಹೋಗಿತ್ತು. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು, "ನೀವು ಹೋಗ್ಬೇಡಿ ಮಾರಾಯ್ರೆ. ನೀರು ಏರ್ಲಿ, ಅವೇ ಬರ್ತವೆ" ಅಂದಿದ್ದರು. ಆ ಮಾತು ಮನಸ್ಸಿನಲ್ಲೇ ಉಳಿದಿತ್ತು. ಈ ಸಲ ಉಬ್ಬರದ ಸಮಯ ನೋಡಿಕೊಂಡೇ ಬಂದು, ದಡಕ್ಕೆ ಎಳೆದಿಟ್ಟ ದೋಣಿಯ ಪಕ್ಕ ಸುಮ್ನೆ ಕೂತೆವು.

ಇಳಿತದಲ್ಲಿ ಹಕ್ಕಿಗಳು ದೂರದ ಮರಳ ದಿಬ್ಬದ ತುಂಬ ಚದುರಿರುತ್ತವೆ. ನೀರು ಏರಿದ ಹಾಗೆ ದಿಬ್ಬ ಮುಳುಗುತ್ತದೆ. ನಿಲ್ಲಲು ಜಾಗ ಸಾಲದೆ ದಡಕ್ಕೆ ಸರಿಯುತ್ತವೆ.

ಮೊದಲು ಬಂದದ್ದು ಕಂದು ತಲೆಯ ಕಡಲಕ್ಕಿಗಳು. ಚಳಿಗಾಲದಲ್ಲಿ ಇವುಗಳ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ. ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಹಕ್ಕಿಗಳು. ಭಾವನಿಗೆ ಬೈನಾಕ್ಯುಲರ್ ಕೊಟ್ಟೆ, ಮತ್ತೆ ವಾಪಸ್ ಬರಲೇ ಇಲ್ಲ.

ಆಮೇಲೆ ಸ್ಯಾಂಡರ್ಲಿಂಗ್. ಎಣಿಸಿದೆ, 23 ಇದ್ದವು. ಮುಷ್ಟಿಯಷ್ಟು ದೊಡ್ಡ ಬಿಳಿ ಮೈ, ಕಪ್ಪು ಕೊಕ್ಕು, ಕಪ್ಪು ಕಾಲು. ಅಲೆ ಹಿಂದೆ ಸರಿದ ಕೂಡಲೇ ಅದರ ಬೆನ್ನಿಗೇ ಓಡಿ, ಒದ್ದೆ ಮರಳಿಗೆ ಕೊಕ್ಕು ಚುಚ್ಚಿ, ಮುಂದಿನ ಅಲೆ ಬರುವ ಮೊದಲೇ ವಾಪಸ್ ಓಟ. ನಮ್ಮಿಂದ ಐದಾರು ಮಾರು ದೂರದಲ್ಲೇ ಹಾದು ಹೋದವು. ಅವು ಮುಂದೆ ಹೋದ ಮೇಲೆ ಮರಳು ನೋಡಿದೆ. ಪ್ರತಿ ಹೆಜ್ಜೆಗೂ ಮೂರೇ ಗೆರೆ. ಸ್ಯಾಂಡರ್ಲಿಂಗ್‌ಗೆ ಹಿಂಬೆರಳು ಇಲ್ಲ ಅಂತ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಉತ್ತರ ಧ್ರುವದ ಹತ್ತಿರ ಹುಟ್ಟಿದ ಹಕ್ಕಿಯ ಹೆಜ್ಜೆ ನಮ್ಮೂರ ಮರಳಲ್ಲಿ! ಅದರ ಮೇಲೆ ಕೈಯಿಡಲೂ ಮನಸ್ಸಾಗಲಿಲ್ಲ.

ಹತ್ತು ಗಂಟೆ ಹೊತ್ತಿಗೆ ನೀರು ಪೂರ್ತಿ ಏರಿತು. ಉಳಿದ ಸಣ್ಣ ಪಟ್ಟಿಯಲ್ಲಿ ಎಲ್ಲವೂ ಒತ್ತಾಗಿ ನಿಂತವು, ಒಂಟಿ ಕಾಲಲ್ಲಿ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ. ಆಗಲೇ ಜೀಪೊಂದು ಆ ಪಟ್ಟಿಯ ಮೇಲೇ ಹಾದು ಹೋಯಿತು. ಎಲ್ಲ ಹಾರಿದವು. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಉಬ್ಬರದ ಹೊತ್ತು ಅವುಗಳಿಗೆ ನಿದ್ದೆಯ ಹೊತ್ತು. ಮತ್ತೆ ಮತ್ತೆ ಎಬ್ಬಿಸಿದರೆ ತಿಂದು ಕೂಡಿಸಿದ ಶಕ್ತಿಯೆಲ್ಲ ಹಾರಾಟಕ್ಕೇ ಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಅಷ್ಟು ದೂರ ವಾಪಸ್ ಹೋಗಬೇಕಲ್ವಾ?

ಮೂರು ಸುತ್ತು ಹಾಕಿ ಅದೇ ಜಾಗಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಎರಡು ಬೈಕಿನಲ್ಲಿ ಹುಡುಗರು ಬಂದರು. ನಾನು ಏಳುವ ಮೊದಲೇ ಭಾವ ಎದ್ದು ನಡೆದಿದ್ದರು.

"ಸ್ವಲ್ಪ ಮೇಲಿಂದ ಹೋಗಿ ಆಯ್ತಾ, ಅಲ್ಲಿ ಹಕ್ಕಿಗಳು ಮಲಗಿವೆ."

ಹುಡುಗರು ಬೈಕ್ ಆಫ್ ಮಾಡಿದರು. ಒಬ್ಬ ಕೇಳಿದ, "ಎಲ್ಲಿ ಅಣ್ಣ?" ಭಾವ ಕುತ್ತಿಗೆಯಿಂದ ಬೈನಾಕ್ಯುಲರ್ ತೆಗೆದು ಅವನ ಕೈಗೆ ಕೊಟ್ಟರು.