ಮಾಮಾನ ಫೋನು: ಆರು ವಾರದ ಲೆಕ್ಕ

ವಾರ 1

ಬೆಟಗೇರಿಯಿಂದ ಮಾಮಾ ಹುಬ್ಬಳ್ಳಿಗೆ ಬಂದ. ಚೀಲದಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ, ರೊಟ್ಟಿ ಗಂಟಿನ ನಡುವೆ ಫೋನು. "ಇದನ್ನ ತಗದ ಕೊಡೊ ಅಳಿಯಾ. ಮೊಮ್ಮಗ ಗೆರಿ ಬದಲ ಮಾಡ್ಯಾನ, ಈಗ ಅವಂಗೂ ನೆನಪಿಲ್ಲ." ಗೆರೆ ಅಂದರೆ ಪರದೆಯ ಒಂಬತ್ತು ಚುಕ್ಕಿ ಕೂಡಿಸಿ ಎಳೆದು ಬೀಗ ತೆರೆಯುವ ಪ್ಯಾಟರ್ನ್. ಮೊಮ್ಮಗನಿಗೆ ಆರು ವರ್ಷ.

ಫೋನಿನಲ್ಲಿ ಇರುವುದು ಎರಡು: ಮಗ್ಗದ ಮೇಲೆ ನೇಯ್ದ ಸೀರೆಗಳ ಅಂಚು, ಸೆರಗಿನ ಫೋಟೊಗಳು, ಮತ್ತು ಉದ್ರಿ ಲೆಕ್ಕ. ಫೋಟೊ ಹೋದರೆ ಬೇಜಾರು. ಉದ್ರಿ ಲೆಕ್ಕ ಹೋದರೆ ರೊಕ್ಕ ಹೋಯಿತು.

2021ರಲ್ಲಿ ಕೊಂಡ ಫೋನು, ಆಂಡ್ರಾಯ್ಡ್ 11. ಬರುವಷ್ಟರಲ್ಲಿ ಬ್ಯಾಟರಿ ಮುಗಿದು ಬಂದ್ ಆಗಿತ್ತು. ಆಗ ಇದನ್ನು ದೊಡ್ಡ ವಿಷಯ ಅಂತ ನಾನು ತಿಳಿಯಲಿಲ್ಲ. ಹನ್ನೊಂದು ಸಲ ತಪ್ಪು ಗೆರೆ ಎಳೆದದ್ದಾಗಿದೆ ಅಂತ ಮಾಮಾನ ಲೆಕ್ಕ. ಮೊದಲು ಮಾಡಿದ ಕೆಲಸ ಅಂದರೆ ಇನ್ನು ಯಾರೂ ಇದನ್ನು ಮುಟ್ಟಬಾರದು ಅಂತ ಕಪಾಟಿನ ಮೇಲೆ ಇಟ್ಟದ್ದು. ಕೆಲವು ಫೋನಿನಲ್ಲಿ ಇಷ್ಟು ಸಲ ತಪ್ಪಿದರೆ ಎಲ್ಲಾ ಅಳಿಸು ಅನ್ನುವ ಆಯ್ಕೆ ಇರುತ್ತದೆ. ಇದರಲ್ಲಿ ಇಲ್ಲ ಅಂತ ಮಾಡೆಲ್ ಹುಡುಕಿ ಖಾತ್ರಿ ಮಾಡಿಕೊಂಡೆ.

ನಿಜವಾದ ಫೋನಿಗೆ ಕೈ ಹಚ್ಚುವ ಮೊದಲು ನನ್ನವೇ ಹಳೆಯ ಫೋನುಗಳ ಮೇಲೆ ಕೈ ಪಳಗಿಸಿಕೊಳ್ಳುವುದು ಅಂತ ಠರಾಯಿಸಿದೆ. ಡ್ರಾವರಿನಲ್ಲಿ ಬೇಕಾದಷ್ಟಿವೆ.

ವಾರ 2

2014ರ ಮೋಟೋ ಜಿ, ಆಂಡ್ರಾಯ್ಡ್ 4.4. ಬೂಟ್‌ಲೋಡರ್, ಅಂದರೆ ಫೋನು ಚಾಲೂ ಆಗುವಾಗ ಮೊದಲು ಓಡಿ ಹೊರಗಿನ ಸಾಫ್ಟ್‌ವೇರನ್ನು ತಡೆಯುವ ಕಾವಲು, ಅದನ್ನು ಕಾಲೇಜಿನ ದಿನಗಳಲ್ಲೇ ತೆರೆದಿಟ್ಟಿದ್ದೆ. ನೋಟ್ಸ್‌ನಲ್ಲಿ "ಗಿರಮಿಟ್" ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದು ಶಬ್ದ ಬರೆದು, ಪ್ಯಾಟರ್ನ್ ಹಾಕಿ, ಬಂದ್ ಮಾಡಿದೆ. ರಿಕವರಿಯಿಂದ (ರಿಪೇರಿಗೆಂದು ಇರುವ ಬೇರೆ ಮೋಡ್) ಇಡೀ ಮೆಮರಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಹುಡುಕಿದರೆ ಗಿರಮಿಟ್ ಕಣ್ಣೆದುರಿಗೇ ಬಿದ್ದಿತ್ತು, ಉಳ್ಳಾಗಡ್ಡಿ ಕೊತ್ತಂಬರಿ ಸಮೇತ ಅನ್ನುವ ಹಾಗೆ. ಬೀಗ ಬಾಗಿಲಿಗೆ ಮಾತ್ರ, ಗೋಡೆಯೇ ಇಲ್ಲ.

ಪ್ಯಾಟರ್ನ್ ಕೂಡ ಸಿಕ್ಕಿತು. ಆ ಕಾಲದ ಆಂಡ್ರಾಯ್ಡ್ ಅದನ್ನು ಬರೀ 20 ಬೈಟಿನ ಒಂದು ಫೈಲಿನಲ್ಲಿ ಇಡುತ್ತಿತ್ತು. ಚುಕ್ಕಿಗಳ ಕ್ರಮದ ಶಾ-1 ಮೊತ್ತ ಅದು, ಅಂದರೆ ಹಿಂದಕ್ಕೆ ಬಿಚ್ಚಲಾಗದ, ಆದರೆ ಅದೇ ಗೆರೆಗೆ ಯಾವಾಗಲೂ ಅದೇ ಬರುವ ಗುರುತು. ಜೊತೆಗೆ ಉಪ್ಪು (ಆ ಗುರುತು ಫೋನಿನಿಂದ ಫೋನಿಗೆ ಬೇರೆ ಆಗಲಿ ಅಂತ ಬೆರೆಸುವ ಅಂಕಿಗೆ ಇದೇ ಹೆಸರು) ಖಾರ ಏನೂ ಬೆರೆಸಿದ್ದಿಲ್ಲ. ಒಂಬತ್ತು ಚುಕ್ಕಿಯಲ್ಲಿ ಎಳೆಯಬಹುದಾದ ಗೆರೆಗಳು ಒಟ್ಟು 3,89,112. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದು ಅಷ್ಟನ್ನೂ ಲೆಕ್ಕ ಹಾಕಿಸಿದೆ. ಚಹಾದ ಕಪ್ಪು ಎತ್ತಿ ಇಡುವುದರೊಳಗೆ ನನ್ನ ಗೆರೆ ಪರದೆಯ ಮೇಲೆ ಬಂತು.

ಅವತ್ತು ರಾತ್ರಿ ಮಾಮಾಗೆ ಫೋನ್ ಮಾಡಿ "ಆಗ್ತದ ಮಾಮಾ, ಚಿಂತಿ ಮಾಡಬ್ಯಾಡ್ರಿ" ಅಂದೆ. ಈಗ ನೆನೆದರೆ ನಾಚಿಕೆ.

ವಾರ 3

ಎರಡನೇ ಫೋನು, ಆಂಡ್ರಾಯ್ಡ್ 10 ಜೊತೆಗೇ ಬಂದದ್ದು, ನನ್ನದೇ. ಅದರಲ್ಲೂ ಗಿರಮಿಟ್ ಬರೆದೆ. ಬೂಟ್‌ಲೋಡರ್ ಬಂದ್ ಇದೆ. ತೆರೆಯಹೋದರೆ ಅದೇ ಎಲ್ಲವನ್ನೂ ಅಳಿಸುತ್ತದೆ. ಹಾಗಾಗಿ ಹಿಂದಿನ ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲಿನ ಎರಡು ತಾಮ್ರದ ಚುಕ್ಕಿಗಳನ್ನು ಚಿಮಟದಿಂದ ಕೂಡಿಸಿ ಹಿಡಿದು ಕೇಬಲ್ ಚುಚ್ಚಿದೆ. ರಿಪೇರಿಯವರು ಟೆಸ್ಟ್ ಪಾಯಿಂಟ್ ಅನ್ನುವುದು ಇದಕ್ಕೇ. ಕೈ ನಡುಗಿ ಮೂರು ಸಲ ತಪ್ಪಿತು. ನಾಲ್ಕನೇ ಸಲ ಲ್ಯಾಪ್‌ಟಾಪಿನಲ್ಲಿ ಕ್ವಾಲ್‌ಕಾಮ್ 9008 ಅಂತ, ಅಂದರೆ ಪ್ರೊಸೆಸರಿನ ತುರ್ತು ಬಾಗಿಲು ತೆರೆಯಿತು ಅಂತ, ಕಂಡಾಗ ಒಬ್ಬನೇ ಕೋಣೆಯಲ್ಲಿ ಕೇಕೆ ಹಾಕಿದೆ.

ಮೆಮರಿ ಪೂರ್ತಿ ಇಳಿಯಿತು. ಗಿರಮಿಟ್ ಹುಡುಕಿದೆ. ಇಲ್ಲ. ಸಣ್ಣಕ್ಷರ, ದೊಡ್ಡಕ್ಷರ, ಎರಡೂ ಇಲ್ಲ. ಬಳಕೆದಾರನ ಭಾಗವನ್ನು ಹೆಕ್ಸ್ ಎಡಿಟರಿನಲ್ಲಿ (ಬೈಟು ಬೈಟಾಗಿ ತೋರಿಸುವ ಪ್ರೋಗ್ರಾಮು) ಎಷ್ಟು ಕೆಳಗೆ ಸರಿಸಿದರೂ ಚುರಮರಿ ಚೆಲ್ಲಿದ ಹಾಗೆ ಅಕ್ಷರಗಳು, ಒಂದಕ್ಕೊಂದು ಸಂಬಂಧವಿಲ್ಲ. ಆಂಡ್ರಾಯ್ಡ್ 10 ಹೊತ್ತು ಮಾರುಕಟ್ಟೆಗೆ ಬರುವ ಫೋನುಗಳಿಗೆ ಫೈಲ್ ಎನ್‌ಕ್ರಿಪ್ಶನ್, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಫೈಲುಗಳನ್ನು ಕಲಸಿಡುವುದು, ಕಡ್ಡಾಯ. ಮಾಮಾನ ಫೋನೂ ಇದೇ ಪೈಕಿ.

ಕೀಲಿ ಎಲ್ಲಿದೆ ಅಂತ ತಿಳಿಯಲು ಎರಡು ರಾತ್ರಿ ಓದಿದೆ. ಅದು ಪೂರ್ತಿಯಾಗಿ ಎಲ್ಲೂ ಇಲ್ಲ. ಅರ್ಧ ಎಳೆಯುವ ಗೆರೆಯಲ್ಲಿದೆ, ಇನ್ನರ್ಧ ಪ್ರೊಸೆಸರಿನ ಒಳಗಿನ ಪ್ರತ್ಯೇಕ ಕೋಣೆಯಲ್ಲಿದೆ, ಅದು ಹೊರಗೆ ಬರುವುದಿಲ್ಲ. ಎರಡೂ ಕೂಡಿದಾಗ ಮಾತ್ರ ಕೀಲಿ ಹುಟ್ಟುತ್ತದೆ. ಹಾಗಾಗಿ ಮೆಮರಿಯನ್ನು ಲ್ಯಾಪ್‌ಟಾಪಿಗೆ ತಂದು ಲಕ್ಷಗಟ್ಟಲೆ ಗೆರೆ ಎಳೆದು ನೋಡುವ ನನ್ನ ಹಿಂದಿನ ವಾರದ ವಿದ್ಯೆ ಇಲ್ಲಿ ನಿಷ್ಪ್ರಯೋಜಕ. ಆ ಫೋನನ್ನೇ ಕೇಳಬೇಕು, ಒಂದೊಂದಾಗಿ. ಅದು ತಡ ಮಾಡಿ ಉತ್ತರ ಕೊಡುತ್ತದೆ: ಆಂಡ್ರಾಯ್ಡ್‌ನ ಆ ಕಾಲದ ಮೂಲ ಕೋಡಿನ ಪ್ರಕಾರ ಐದು ತಪ್ಪಿಗೆ 30 ಸೆಕೆಂಡ್, ಹತ್ತು ದಾಟಿದ ಮೇಲೆ ಪ್ರತಿ ತಪ್ಪಿಗೂ 30 ಸೆಕೆಂಡ್, ಮೂವತ್ತು ದಾಟಿದ ಮೇಲೆ ಕಾಯುವ ಹೊತ್ತು ಬೆಳೆಯುತ್ತಾ ಹೋಗಿ, 140 ದಾಟಿದರೆ ದಿನಕ್ಕೆ ಒಂದೇ ಪ್ರಯತ್ನ.

ದಿನಕ್ಕೊಂದರಂತೆ 3,89,112 ಗೆರೆ ಅಂದರೆ 1,066 ವರ್ಷ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ್ದು ಸುಮಾರು 1007ರಲ್ಲಿ. ಅವತ್ತು ಶುರು ಹಚ್ಚಿದ್ದರೂ ನಮಗಿನ್ನೂ ಕೆಲಸ ಬಾಕಿ ಇರುತ್ತಿತ್ತು.

ಬಂದ್ ಆಗಿದ್ದ ಫೋನಿನ ಮಹತ್ವವೂ ಈ ವಾರ ತಿಳಿಯಿತು. ನನ್ನ ಫೋನನ್ನು ರೀಸ್ಟಾರ್ಟ್ ಮಾಡಿ, ಪಿನ್ ಹಾಕದೇ ಬಿಟ್ಟು, ಮನೆಯಾಕೆಯ ಫೋನಿನಿಂದ ಕರೆ ಮಾಡಿದೆ. ಗಂಟೆ ಹೊಡೆಯಿತು. ಆದರೆ ಹೆಸರು ಬರಲಿಲ್ಲ, ಬರೀ ನಂಬರು. "ನನ್ನ ಹೆಸರ ಅಳಿಸೀರೇನು?" ಅಂತ ಆಕೆಯ ಅನುಮಾನ. ಅಳಿಸಿಲ್ಲ, ಹೆಸರಿನ ಪಟ್ಟಿಯೇ ಇನ್ನೂ ಬೀಗದ ಒಳಗಿದೆ. ಒಮ್ಮೆ ಪಿನ್ ಹಾಕಿ ಮತ್ತೆ ಪರದೆ ಆರಿಸಿ ಕರೆ ಮಾಡಿದರೆ ಹೆಸರು ಬಂತು. ಪೊಲೀಸ್ ಲ್ಯಾಬುಗಳ ದುಬಾರಿ ಯಂತ್ರಗಳಿಗೂ ಈ ಎರಡನೇ ಸ್ಥಿತಿಯೇ ಹೆಚ್ಚು ಅನುಕೂಲ. ಅದಕ್ಕೇ 2024ರ ಐಒಎಸ್ 18.1ರಿಂದ ಐಫೋನು ಮೂರು ದಿನ ಯಾರೂ ತೆರೆಯದಿದ್ದರೆ ತಾನೇ ರೀಸ್ಟಾರ್ಟ್ ಆಗಿ ಮೊದಲನೇ ಸ್ಥಿತಿಗೆ ಹೋಗುತ್ತದೆ. ಮಾಮಾನ ಫೋನು ಇದನ್ನು ಬ್ಯಾಟರಿ ಸಾಯಿಸಿ ಸಾಧಿಸಿತ್ತು.

ವಾರ 4

"ಡೇಟಾ ಹೋಗದೆ 100% ಅನ್‌ಲಾಕ್" ಅನ್ನುವ ಒಂದು ಸಾಫ್ಟ್‌ವೇರಿಗೆ ಒಂದು ತಿಂಗಳ ಚಂದಾ ಕೊಟ್ಟೆ. ಗೊತ್ತಿದ್ದೂ ಕೊಟ್ಟೆ, ಒಳಗೇನಿದೆ ನೋಡುವ ಚಟ. ಬ್ರ್ಯಾಂಡ್ ಆರಿಸು ಅಂತು, ಮಾಡೆಲ್ ಆರಿಸು ಅಂತು, ಹಸಿರು ಪಟ್ಟಿ ಓಡಿಸಿತು. ಆಮೇಲೆ ವಾಲ್ಯೂಮ್ ಮತ್ತು ಪವರ್ ಬಟನ್ ಒತ್ತಿ ಹಿಡಿ, ಇಂಥಾ ಸಾಲಿಗೆ ಹೋಗು ಅಂತ ಚಿತ್ರ ತೋರಿಸಿತು. ಆ ಸಾಲು ಫ್ಯಾಕ್ಟರಿ ರೀಸೆಟ್. ಎಲ್ಲಾ ಅಳಿಸಲು ನನ್ನ ಬೆರಳೇ ಸಾಕಿತ್ತು, ಅದಕ್ಕೆ ರೊಕ್ಕ ಯಾಕೆ? "ಡೇಟಾ ಅಳಿಯುತ್ತದೆ" ಅಂತ ಕೊನೆಯ ಹೆಜ್ಜೆಯಲ್ಲಿ ಬೂದು ಬಣ್ಣದ ಸಣ್ಣಕ್ಷರದಲ್ಲಿ ಇತ್ತು.

ರೀಸೆಟ್ ಆದ ಮೇಲೆ ಪ್ರಯೋಗದ ಫೋನು ಹಳೆಯ ಗೂಗಲ್ ಖಾತೆ ಕೇಳಿತು. ಇದು ಎಫ್‌ಆರ್‌ಪಿ (ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್), 2015ರ ಆಂಡ್ರಾಯ್ಡ್ 5.1ರಿಂದ ಇದೆ, ಕದ್ದ ಫೋನು ಮಾರಬಾರದು ಅಂತ. ಇಲ್ಲಿ ಎದೆ ಧಸಕ್ಕೆಂದಿತು. ಮಾಮಾನ ಜಿಮೇಲ್ ಮಾಡಿಕೊಟ್ಟದ್ದು ಫೋನು ಮಾರಿದ ಅಂಗಡಿಯ ಹುಡುಗ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಆತುರಪಟ್ಟು ಮಾಮಾನ ಫೋನನ್ನೇ ರೀಸೆಟ್ ಹೊಡೆದಿದ್ದರೆ ಲೆಕ್ಕವೂ ಹೋಗಿ ಫೋನೂ ಇಟ್ಟಂಗಿ ಆಗುತ್ತಿತ್ತು.

ದುರ್ಗದಬೈಲ ಹತ್ತಿರ ಒಬ್ಬ ರಿಪೇರಿಯವನಿದ್ದಾನೆ, ಮೂರು ಬಾಕ್ಸು, ಎರಡು ಡಾಂಗಲ್ ಇಟ್ಟುಕೊಂಡವ. ಫೋನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದ: "ಸರ, ಫೋನ್ ಬೇಕೋ, ಡೇಟಾ ಬೇಕೋ?" ಡೇಟಾ ಅಂದೆ. "ಹಂಗಾರ ನನ್ನ ಕಡಿ ಬರಬ್ಯಾಡ್ರಿ, ಮಂದಿ ಕಡಿ ಹೋಗ್ರಿ." ಅವನ ಬಾಕ್ಸುಗಳೆಲ್ಲ ಫೋನು ಉಳಿಸುವವು: ಫ್ಲ್ಯಾಶ್ ಹೊಡೆಯುವುದು (ಸಾಫ್ಟ್‌ವೇರ್ ಹೊಸದಾಗಿ ತುಂಬುವುದು), ಡೆಡ್ ಆದದ್ದನ್ನು ಎಬ್ಬಿಸುವುದು. ನನ್ನ ನಾಲ್ಕು ವಾರದ ಓದನ್ನು ಅವನು ಒಂದು ಪ್ರಶ್ನೆಯಲ್ಲಿ ಮುಗಿಸಿದ. ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ.

ವಾರ 5

ಮಂದಿ ಕಡೆ ಹೋದೆ, ಅಂದರೆ ಬೆಟಗೇರಿಗೆ.

ಸಿಮ್‌ಗೆ ಯಾವ ಲಾಕೂ ಇರಲಿಲ್ಲ. ಬೇರೆ ಫೋನಿಗೆ ಹಾಕಿದೆವು, ಒಟಿಪಿ ಬಂತು, ಗೂಗಲ್ ಖಾತೆ ಮರಳಿ ಕೈಗೆ ಸಿಕ್ಕಿತು. ಖಾತೆಯಲ್ಲಿ ಫೋಟೊ ಬ್ಯಾಕಪ್ ಇಲ್ಲ. ನೆಟ್ ಖರ್ಚಾಗುತ್ತದೆ ಅಂತ ಮಾಮಾನೇ ಬಂದ್ ಮಾಡಿಸಿದ್ದ. ವಾಟ್ಸಾಪ್ ಬ್ಯಾಕಪ್ಪೂ ಇಲ್ಲ.

ಸಿಮ್ ತಟ್ಟೆಯಲ್ಲೇ 32 ಜಿಬಿ ಮೆಮರಿ ಕಾರ್ಡ್ ಇತ್ತು. ಇಷ್ಟು ದಿನ ಇದನ್ನು ನೋಡದೇ ಚಿಮಟ ಹಿಡಿದು ಕೂತಿದ್ದೆ. ಫೋನಿನ ಒಳಗಿನ ಮೆಮರಿಗೆ ಅಷ್ಟೆಲ್ಲ ಕಾವಲು, ಹೊರಗಿನಿಂದ ಹಾಕಿದ ಕಾರ್ಡಿಗೆ ಸಾಮಾನ್ಯವಾಗಿ ಏನೂ ಇಲ್ಲ. ಕಾರ್ಡ್ ರೀಡರಿಗೆ ಚುಚ್ಚಿದರೆ 1,412 ಫೋಟೊ. ಗೋಮಿ ಅಂಚು, ಗಾಡಿ ದಡಿ, ಟೋಪ ತೆನಿ ಸೆರಗು, ನಡುನಡುವೆ ಮೊಮ್ಮಗನ ಮೂಗು. ಮಾಮಾ ಒಂದೊಂದಕ್ಕೂ ಯಾವ ಸೀರೆ, ಯಾರು ಒಯ್ದರು ಹೇಳುತ್ತಾ ಹೋದ. ಒಂದೂವರೆ ತಾಸು.

ಉದ್ರಿ ಲೆಕ್ಕ? ಅದು ಬರಹದಲ್ಲಿ ಇರಲೇ ಇಲ್ಲ. ಮಾಮಾ ಮಾಲು ಕೊಟ್ಟ ಕೂಡಲೇ ತನ್ನ ಹೆಂಡತಿ, ಅಂದರೆ ನಮ್ಮ ಅತ್ತಿಯ ವಾಟ್ಸಾಪಿಗೆ ಧ್ವನಿ ಕಳಿಸುತ್ತಿದ್ದ, "ಎರಡ ಸೀರಿ ಕೊಟ್ಟೇನಿ, ಅಮಾಸಿಗೆ ಕೊಡ್ತಾನಂತ" ಅಂತ. ಅಂದರೆ ಲೆಕ್ಕದ ಇನ್ನೊಂದು ಪ್ರತಿ ಅಡಿಗೆಮನೆಯಲ್ಲಿ, ಅತ್ತಿಯ ಫೋನಿನಲ್ಲಿ, ಐದು ವಾರದಿಂದ ಚಾರ್ಜ್ ಆಗುತ್ತಾ ಕೂತಿತ್ತು. "ನನ್ನ ಯಾರ ಕೇಳಿದ್ರು?" ಅಂದಳು ಅತ್ತಿ. ಆದರೆ ಪೂರ್ತಿ ಇಲ್ಲ. ಜಾಗ ಸಾಲದೆ ಯುಗಾದಿ ಹೊತ್ತಿಗೆ ಹಳೆಯದನ್ನೆಲ್ಲ ಅಳಿಸಿದ್ದಳು. ಯುಗಾದಿಯಿಂದ ಈಚೆಯದು ಕೇಳಿ ನೋಟ್‌ಬುಕ್ಕಿಗೆ ಇಳಿಸಿದೆವು. ಅದಕ್ಕೆ ಹಿಂದಿನದು ಬೀಗದ ಒಳಗೇ ಇದೆ.

ವಾರ 6

ಉಳಿದ ದಾರಿ ಮೊಮ್ಮಗ. ಅವನ ಪಾಟಿಯ ಮೇಲೆ ರಂಗೋಲಿಗೆ ಇಡುವ ಹಾಗೆ ಒಂಬತ್ತು ಚುಕ್ಕಿ ಇಟ್ಟುಕೊಟ್ಟು, ಏನು ಬರೆದಿದ್ದಿ ಅಂತ ಕೇಳಿದೆ. "ಮನಿ" ಅಂದ. ಮನೆ ಬರೆದ, ಅದಕ್ಕೊಂದು ಬಾಲ. ಮರುದಿನ ಕೇಳಿದಾಗ ಬಾಲ ಬೇರೆ ಕಡೆ ಬಂತು. ಅವನು ಎಳೆದದ್ದನ್ನೆಲ್ಲ ಸೇರಿಸಿ, ಒಂದೇ ಚುಕ್ಕಿಗೆ ಎರಡು ಸಲ ಹೋಗುವಂಥವನ್ನು ತೆಗೆದರೆ 34 ಗೆರೆ ಉಳಿದವು. 3,89,112ರಿಂದ 34ಕ್ಕೆ ಇಳಿಸಿದ ಯಂತ್ರಕ್ಕೆ ನಾನು ಕೊಟ್ಟದ್ದು ಎರಡು ಫೇಡೆ.

ತಪ್ಪುಗಳ ಎಣಿಕೆ ಈಗ 25ರಲ್ಲಿದೆ: ಮಾಮಾನವು 11, ಪಟ್ಟಿಯಿಂದ 14. ಇನ್ನು 20 ಬಾಕಿ. ಮೂವತ್ತಾದ ಮೇಲೆ ಪ್ರತಿ ಹತ್ತು ತಪ್ಪಿಗೊಮ್ಮೆ ಕಾಯುವ ಹೊತ್ತು ದುಪ್ಪಟ್ಟಾಗುತ್ತಾ ಹೋಗುತ್ತದೆ, ಆದರೂ ಇಷ್ಟಕ್ಕೆ ನಿಮಿಷಗಳ ಲೆಕ್ಕದಲ್ಲೇ ಮುಗಿಯುತ್ತದೆ. ಅವಸರ ಬೇಡ, ಹುಡುಗ ಎದುರಿಗೆ ಇದ್ದಾಗಲೇ ಮಾಡೋಣ ಅಂತ ಮಾಮಾ. ರವಿವಾರ ಬೆಟಗೇರಿಗೆ ಹೋಗುವುದಿದೆ. ಬಾಲ ಎಡಕ್ಕೆ ಇರುವ ಮನೆಗಳಿಂದ ಶುರು ಮಾಡುತ್ತೇವೆ.